ಅದಲುಬದಲಾದ ಮಾಲೆ

ಪ್ರಯೋಗಾಲಯದ ಫ್ರೀಜರು ಕೈಕೊಡಬಹುದಿತ್ತು. ಬೆಳೆಸಿದ ಜೀವಕೋಶಗಳಿಗೆ ಬೂಸು ಹಿಡಿಯಬಹುದಿತ್ತು. ಬಸ್ಸು ಕೂಡ್ಲಿಗಿ ದಾಟುವ ಮುಂಚೆಯೇ ಪಂಕ್ಚರಾಗಬಹುದಿತ್ತು, ಹಗರಿಬೊಮ್ಮನಹಳ್ಳಿಯಲ್ಲಿ ರೈಲ್ವೆ ಗೇಟು ಬೀಳಬಹುದಿತ್ತು, ನಾನು ಹಡಗಲಿ ಮುಟ್ಟುವುದರೊಳಗೆ ಮೇಡಂ ಹೋಗಿಯೇ ಬಿಟ್ಟಿರಬಹುದಿತ್ತು. ಬಿ.ಪಿ. ಮಾತ್ರೆಗಳನ್ನು ಬೇರೆ ಬೇರೆ ಜೇಬಿಗೆ ಹಂಚಿಟ್ಟುಕೊಂಡು ಓಡಾಡುವ ಮನುಷ್ಯ ನಾನು. ಒಂದು ಜೇಬು ಹರಿದರೆ ಇನ್ನೊಂದಿರಲಿ ಎಂದು.

ಮೇಡಂ ನನ್ನ ಸಂಶೋಧನೆಯ ಗೈಡು, ಹಡಗಲಿಯ ಮಲ್ಲಿಗೆ ಬೆಳೆಯುವ ಮನೆತನದವರು. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ಹೂವಿನ ತೊಟ್ಟಿನ ಹಸಿರು. ಮೀಟಿಂಗಿನಲ್ಲೂ ಮಡಿಲಲ್ಲಿ ಹೂವಿಟ್ಟು ಕಟ್ಟುತ್ತಲೇ ನಮ್ಮನ್ನು ಬೈಯುತ್ತಿದ್ದರು. ಪಾಠವೂ ಹೂವಿನಲ್ಲೇ. ವೈರಸ್ಸನ್ನು ತಡೆಯಲು ದೇಹ ತಾನೇ ಕಟ್ಟಿಕೊಳ್ಳುವ ಪ್ರೋಟೀನು ಉದ್ದನೆಯ ಮಾಲೆಯಂತೆ. "ಇಡೀ ಮಾಲಿ ಯಾಕ ಬೇಕಪಾ? ವೈರಸ್ಸನ್ನ ಹಿಡಿಯೋದು ಅದರಾಗಿನ ಒಂದು ಗೇಣು. ಆ ಗೇಣು ನಾವು ಕಟ್ಟೋಣು." ಆ ಗೇಣೇ ನಮ್ಮ ಪೆಪ್ಟೈಡು. ಒಡಹುಟ್ಟಿದ ತಮ್ಮನನ್ನು ಡೆಂಗಿ ಒಯ್ದ ಮೇಲೆ ಮೇಡಂ ಅದರದ್ದು ಬಿಟ್ಟು ಬೇರೆ ಯಾವ ವೈರಸ್ಸನ್ನೂ ಮುಟ್ಟಲಿಲ್ಲ.

ಅವರದೊಂದು ಕಟ್ಟುನಿಟ್ಟಿತ್ತು. ಮಲ್ಲಿಗೆ, ಕನಕಾಂಬರ, ಮರುಗ ಎಂಬ ಕ್ರಮದಲ್ಲಿ ಒಂದು ತುಂಡು ಕಟ್ಟಿದರೆ, ಅವೇ ಹೂಗಳ ಕ್ರಮ ಕೆಡಿಸಿ ಇನ್ನೊಂದನ್ನು ಕಟ್ಟಲೇಬೇಕು. ಎರಡನೆಯದು ವೈರಸ್ಸಿನ ಮುಂದೆ ಸೋಲಬೇಕು. ಅದೂ ಗೆದ್ದರೆ ನಮ್ಮ ಕ್ರಮಕ್ಕೆ ಅರ್ಥವೇ ಇಲ್ಲ. ಅಂದರೆ ತುಂಡು ಪ್ರೋಟೀನಿನಂತೆ ವರ್ತಿಸುತ್ತಿಲ್ಲ, ಬಹುಶಃ ಜೀವಕೋಶವನ್ನೇ ಕೆಡಿಸುತ್ತಿದೆ; ಕೋಶ ಕೆಟ್ಟರೆ ವೈರಸ್ಸೂ ಬೆಳೆಯದು.

ಒಮ್ಮೆ ನಾನು ಬಣ್ಣಬಣ್ಣದ ಗ್ರಾಫು ತೋರಿಸಿ ಮೀಸೆಯಡಿ ನಗುತ್ತ ನಿಂತಿದ್ದೆ.

"ಚಂದ ಐತಿ. ಅದಲುಬದಲು ಮಾಡಿದ್ದು ಎಲ್ಲೈತಿ?"

"ಮುಂದಿನ ವಾರ ಮಾಡ್ತೀನಿ ಮೇಡಂ."

"ಹಂಗಾರ ಇದನ್ನೂ ಮುಂದಿನ ವಾರಾನ ತೋರ್ಸು," ಎಂದು ಮಂಡಕ್ಕಿ ತಿನ್ನಲು ಎದ್ದು ಹೋದರು.

ಕ್ಯಾನ್ಸರು ಶ್ವಾಸಕೋಶ ದಾಟಿ ಹರಡಿದ ಮೇಲೆ ಮೇಡಂ ಹಡಗಲಿಗೆ ಮರಳಿದರು. ಕೊನೆಯ ಪೆಪ್ಟೈಡಿನ ಫಲಿತಾಂಶ ಬಂದ ಮರುದಿನವೇ ನಾನು ಬಸ್ಸು ಹತ್ತಿದೆ. ಬಾಗಿಲಲ್ಲಿ ಮೇಡಂ ಅವರ ತಮ್ಮನ ಹೆಂಡತಿ ನಿಂತಿದ್ದರು.

"ಬಸ್ಸು ಬಂತೇನು, ಬಸ್ಸು ಬಂತೇನು ಅಂತ ಅಕ್ಕಾರು ಬೆಳಗಿನಿಂದ ಕೇಳಾಕತ್ಯಾರ. ಚೊಲೋ ಸುದ್ದಿ ತಂದೀರಿಲ್ರಿ?"

ಮೇಡಂ ಮಂಚದ ಮೇಲೆ ಮಡಚಿಟ್ಟ ಸೀರೆಯಷ್ಟೇ ಆಗಿದ್ದರು. ಕಣ್ಣು ಮಾತ್ರ ಹಳೆಯದೇ.

"ವೈರಸ್ಸು ನಿಲ್ಲಿಸ್ತೇನು?"

"ನಿಲ್ಲಿಸ್ತು ಮೇಡಂ. ಪೂರ್ತಿ."

ತಮ್ಮನ ಹೆಂಡತಿ ಗೋಡೆಯ ಮೇಲಿನ ಗಂಡನ ಫೋಟೊಕ್ಕೆ ಕೈಮುಗಿದರು.

"ಅದಲುಬದಲಿಂದು?"

ದಾರಿಯುದ್ದಕ್ಕೂ ಒಂದು ಸುಳ್ಳನ್ನು ನುಣ್ಣಗೆ ತಯಾರು ಮಾಡಿಕೊಂಡಿದ್ದೆ. ಆಗ ಹೊದಿಕೆಯ ಮೇಲಿದ್ದ ಆ ಹೆಬ್ಬೆರಳು ಕಂಡಿತು. ಉಗುರು ಸ್ವಚ್ಛವಾಗಿ, ಬೆಳ್ಳಗಿತ್ತು.

"ಅದೂ ನಿಲ್ಲಿಸ್ತು ಮೇಡಂ."



"ಹಂಗಾರ ಅದು ನಮ್ಮ ಗೇಣಲ್ಲ ಬಿಡು," ಎಂದರು. "ಯಾರ ಮೈಯಾಗೂ ಹಾಕಬ್ಯಾಡ್ರಿ. ಮದ್ಲಿಂದ ಕಟ್ಟು."

"ಎರಡೂ ನಿಲ್ಲಿಸಿದ್ರ ಇನ್ನೂ ಚೊಲೋ ಆತಲ್ರೀ?" ತಮ್ಮನ ಹೆಂಡತಿ ನನ್ನ ಮುಖ ನೋಡಿದರು. ನಾನು ನೀರು ಕೇಳಿದೆ.

ಅದೇ ವಾರ ಮೇಡಂ ತೀರಿಕೊಂಡರು. ಈಗಲೂ ಮೊದಲಿಂದ ಕಟ್ಟುತ್ತಲೇ ಇದ್ದೇನೆ, ಅದಲುಬದಲಿನದ್ದನ್ನೇ ಮೊದಲು. ಅಂದು ಫ್ರೀಜರು ಕೈಕೊಡಲಿಲ್ಲ, ಬೂಸು ಹಿಡಿಯಲಿಲ್ಲ, ಗೇಟು ಕೂಡ ತೆರೆದೇ ಇತ್ತು. ಸೋಲಬೇಕಾಗಿದ್ದ ಒಂದು ತುಂಡು ಸೋಲಲಿಲ್ಲ, ಅಷ್ಟೇ.