ನಡುಮನೆಯ ಹಳೆ ಟೈಲ್ಸ್ ಹಾದಿ

ಇಂಡಿ ಊರಿನ ನಮ್ಮ ಮನೆಗೆ ಹೊಸ ಟೈಲ್ಸ್ ಹಾಕಿಸುವಾಗ, ಹಳೆಯದರ ಮೇಲೆಯೇ ಅಂಟಿಸಿಬಿಡೋಣ ಎಂದರು ನನ್ನ ಗಂಡ. ಗೌಂಡಿಯೂ ತಲೆಯಾಡಿಸಿದ. ಇಬ್ಬರಿಗೂ ಧೂಳಿನ ಚಿಂತೆ. ನನಗೆ ಅತ್ತೆಯ ಕಾಲಿನ ಚಿಂತೆ.

ಅತ್ತೆಗೆ ಎಂಬತ್ತು ದಾಟಿದೆ, ಕಣ್ಣು ಮಂಜು. ಕಾಲೆತ್ತಿ ಇಡಲಾರರು, ನೆಲಕ್ಕೆ ಉಜ್ಜಿಕೊಂಡೇ ನಡೆಯುತ್ತಾರೆ. ಆದರೂ ಪಡಸಾಲೆಯ ಮಂಚದಿಂದ ನಡುಮನೆ ದಾಟಿ ಹಿಂದಿನ ಬಚ್ಚಲಿಗೆ ಕೋಲೂರಿಕೊಂಡು ಒಬ್ಬರೇ ಹೋಗಬೇಕು. ಕೈ ಹಿಡಿಯಲು ಹೋದವರಿಗೆ ಆ ಕೋಲನ್ನೇ ತೋರಿಸುತ್ತಾರೆ. ಈ ನಡಿಗೆ ನಿಂತರೆ ಅವರು ಮಂಚ ಹಿಡಿಯುತ್ತಾರೆಂದು ನನಗೆ ಗೊತ್ತಿತ್ತು.

"ನೆಲ ಬೆರಳಷ್ಟು ಮ್ಯಾಲ ಬಂದ್ರ ಬಚ್ಚಲ ಬಾಗಿಲಾಗ ಅತ್ತಿ ಎಡವತಾರ. ಎಲ್ಲಾ ಕಿತ್ತ ಹಾಕ್ರಿ," ಎಂದೆ.

"ಅಕ್ಕಾರ, ಮನಿ ತುಂಬ ಧೂಳಾಗತೈತ್ರಿ," ಎಂದ ಗೌಂಡಿ.

"ಧೂಳ ನಾ ಬಳದ ಚೆಲ್ಲತೇನಿ. ನೀವ ಒಡೀರಿ."

ಹಳೆಯ ಮೊಸಾಯಿಕ್ ಟೈಲ್ಸ್ ಕೆಲವು ಅಡಿಯಲ್ಲಿ ಟೊಳ್ಳಾಗಿದ್ದವು. ಅವು ಉಳಿ ತಾಗಿಸುತ್ತಲೇ ಇಡಿಯಾಗಿ ಎದ್ದವು, ಉಳಿದವು ಚೂರಾದ ಮೇಲೆಯೇ ನೆಲ ಬಿಟ್ಟವು. ಎಲ್ಲವನ್ನೂ ಅಂಗಳದಲ್ಲಿ ಗುಡ್ಡೆ ಹಾಕಿಸಿದೆ, ತಗ್ಗು ತುಂಬಿಸಲು ಯಾರಾದರೂ ಒಯ್ಯಲಿ ಎಂದು. ಮೊದಲು ನಮ್ಮ ಮಲಗುವ ಕೋಣೆಗೆ ಹೊಸ ನೆಲ ಬಂತು. ಏನು ಹೊಳಪು! ಆರಿಸಿದವಳು ನಾನೇ ಎಂದು ನೋಡಬಂದವರಿಗೆಲ್ಲ ಹೇಳಿದೆ.

ಅತ್ತೆಯೂ ನೋಡಲು ಬಂದರು. ಕೋಣೆಯ ಬಾಗಿಲಲ್ಲೇ ನಿಂತರು, ಸೀರೆಯ ನಿರಿಗೆ ಮೇಲೆತ್ತಿ ಹಿಡಿದರು.

"ಇಷ್ಟ್ಯಾಕ ನೀರ ನಿಲ್ಲಿಸಿದಿಯವ್ವಾ?"

"ನೀರಲ್ರೀ ಅತ್ತಿ, ಟೈಲ್ಸ್ ಹೊಳಿಯಾಕತ್ಯಾವ್ರಿ."

ಕೋಲಿನಿಂದ ತಟ್ಟಿ ನೋಡಿದರು. ಒಣ ಸದ್ದೇ ಬಂತು, ಆದರೂ ಕಾಲು ಮುಂದೆ ಬರಲಿಲ್ಲ.

"ನಡುಮನಿಗೂ ಇದನ್ನ ಹಾಕ್ತಿಯೇನು?"

"ಹೌದ್ರಿ."

"ಹಂಗಾದ್ರ ಇನ್ನ ಮ್ಯಾಲ ನನ್ನ ಕೈ ಹಿಡಕೊಂಡ ಕರಕೊಂಡ ಹೋಗವ್ವಾ."

ಬೈದಿದ್ದರೆ ಎದುರು ಮಾತಾಡುತ್ತಿದ್ದೆ, ಇದು ಕೋಲು ತೋರಿಸುತ್ತಿದ್ದವರು ಸೋತು ಕೇಳಿದ ಮಾತು.

ಮರುದಿನ ಬೆಳಿಗ್ಗೆ ಅಂಗಳದ ಗುಡ್ಡೆಯಿಂದ ಇಡಿಯಾಗಿದ್ದ ಹಳೆ ಟೈಲ್ಸನ್ನೆಲ್ಲ ಆರಿಸಿ ನೀರಲ್ಲಿ ನೆನೆಹಾಕಿದೆ. ಬೆನ್ನಿಗೆ ಅಂಟಿದ್ದ ಸಿಮೆಂಟನ್ನು ಉಳಿಯಿಂದ ಕೆತ್ತಿ ತೆಗೆದೆ, ಅಂಗೈಗೆ ಬೊಬ್ಬೆ ಬಂತು. ಪಡಸಾಲೆಯ ಬಾಗಿಲಿಂದ ಬಚ್ಚಲಿನವರೆಗೆ ಇವನ್ನೇ ಹಾಕಬೇಕು, ಅಕ್ಕಪಕ್ಕ ಹೊಸದು ಎಂದೆ.

"ಹೊಸಾದರ ನಡುವ ಹಳೇದು? ಮಂದಿ ನಗತಾರ," ಎಂದರು ಗಂಡ.

"ನಗಲಿ ತಗೋರಿ. ಮಂದಿ ಬಂದು ನಿಮ್ಮ ಅವ್ವನ ಎಬ್ಬಸ್ತಾರೇನು?"

ಹಳೆಯದು ದಪ್ಪ, ಹೊಸದು ತೆಳು. ಎರಡೂ ಸಮನಾಗುವಂತೆ ಹಳೆಯದರ ಕೆಳಗಿನ ಗಚ್ಚುಗಾರೆಯನ್ನು ಅಷ್ಟು ಇಳಿಸಿ ಕೂರಿಸಲು ಗೌಂಡಿಗೆ ಹೇಳಿ ಪಕ್ಕದಲ್ಲೇ ಕೂತೆ. ಪ್ರತಿ ಸಂದಿನ ಮೇಲೂ ಅಂಗೈ ಆಡಿಸಿ ನೋಡಿದೆ. ಅದು ಒಣಗುವವರೆಗೆ ಅತ್ತೆಯನ್ನು ಹೊರಗಿನಿಂದ ಸುತ್ತಿಸಿ, ಕೈ ಹಿಡಿದು ಬಚ್ಚಲಿಗೆ ಕರೆದೊಯ್ದೆ. ಅವರು ಬೈಯಲಿಲ್ಲ. ಅದೇ ನನಗೆ ಭಯ ತಂದಿತ್ತು.

ನೆಲ ಒಣಗಿದ ದಿನ ಅತ್ತೆ ಎದ್ದು, ಕೋಲೂರಿ ನಡುಮನೆಯ ಬಾಗಿಲಿಗೆ ಬಂದರು. ಅಭ್ಯಾಸದಂತೆ ಕೈ ಚಾಚಿದೆ. ಬಲಗಾಲು ಉಜ್ಜಿಕೊಂಡು ಹಳೆಯ ಟೈಲ್ಸಿನ ಮೇಲೆ ಹೋಯಿತು, ಹಿಂದೆಯೇ ಎಡಗಾಲು. ನಿರಿಗೆ ಎತ್ತಲೇ ಇಲ್ಲ. ಬಚ್ಚಲು ಮುಟ್ಟಿ ತಿರುಗಿ ನಿಂತರು.

"ನಡುಮನಿ ಹಳೇ ನೆಲಾ ಹಂಗ ಬಿಟ್ಟಿಯೇನು?"

"ಹೌದ್ರೀ ಅತ್ತಿ, ಬಿಟ್ಟೇನಿ."

"ಚೊಲೋ ಆತು," ಎಂದು, ಚಾಚಿಯೇ ಇದ್ದ ನನ್ನ ಕೈಗೆ ಕೋಲು ತೋರಿಸಿದರು.