ತೂಕದಕ್ಕ ಬರೆಯುವ ಎರಡು ಸಾಲು

ಬೆಳಗಿನ ಐದೂವರೆ. ಒಲೆಯ ಮೇಲೆ ಹಾಲು ಕಾಯುತ್ತಿದೆ. ಪಕ್ಕದಲ್ಲಿ ನಿಂತ ಐವತ್ತೊಂಬತ್ತರ ಹೆಂಗಸು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು, ಒಂದೇ ಬೆರಳಲ್ಲಿ ಮೊಬೈಲಿನ ಅಕ್ಷರ ಒತ್ತುತ್ತಿದ್ದಾರೆ. ‘ಮಂಡಿ ಹೇಗಿದೆ? ಇವತ್ತು ಮೆಟ್ಟಿಲು ಬೇಡ, ಸಮ ರಸ್ತೆಯಲ್ಲಿ ಹತ್ತೇ ನಿಮಿಷ ನಡೀರಿ.’ ಇದು ಒಬ್ಬ ದರ್ಜಿಗೆ. ಮುಂದಿನದು ಬಸ್ ಚಾಲಕರಿಗೆ: ‘ಟೀ ಮೂರು ಸಲ ಆದ್ರೂ ಸಕ್ಕರೆ ಒಂದೇ ಸಲ.’ ಅಷ್ಟರಲ್ಲಿ ಹಾಲು ಉಕ್ಕುತ್ತದೆ. “ಅಯ್ಯೋ, ದಿನಾ ಇದೇ ಗೋಳು!” ಎಂದು ನಗುತ್ತಾ ಒಲೆ ಆರಿಸುತ್ತಾರೆ.

ಇವರು ಆಸ್ಪತ್ರೆಯಲ್ಲಿ ತೂಕ ನೋಡುವ ಆಯಾ. ಎಲ್ಲರ ಬಾಯಲ್ಲೂ ‘ತೂಕದಕ್ಕ’. ಡಾಕ್ಟರ ಕೋಣೆಯ ಹೊರಗೆ ಒಂದು ತೂಕದ ಯಂತ್ರ, ಒಂದು ಸ್ಟೂಲು. ಇಪ್ಪತ್ತೆರಡು ವರ್ಷದಿಂದ ಅದೇ ಜಾಗ. “ಜನ ಮುಳ್ಳು ನೋಡ್ತಾರೆ, ನನ್ನ ಮುಖ ಯಾರು ನೋಡ್ತಾರೆ?”

ಆರು ವರ್ಷದ ಹಿಂದೆ ಇವರ ಕೆಲಸ ತೂಕ ನೋಡಿ, ಹಜಾರದ ಆ ತುದಿಯಲ್ಲಿ ಬರೆದುಕೊಳ್ಳುವ ನರ್ಸಿಗೆ ಕೇಳುವಂತೆ ಕೂಗುವುದು. ಒಂದು ದಿನ “ನೂರಾ ನಾಲ್ಕು!” ಎಂದು ಕೂಗಿದಾಗ ಸಾಲಿನಲ್ಲಿ ಯಾರೋ ನಕ್ಕರು. ಯಂತ್ರದ ಮೇಲಿದ್ದ ಶಾಲಾ ಶಿಕ್ಷಕಿ ಚಪ್ಪಲಿ ಮೆಟ್ಟಿ, ಡಾಕ್ಟರನ್ನೂ ನೋಡದೆ ಹೊರಟೇಹೋದರು. ಮುಂದಿನ ಎರಡು ತಿಂಗಳೂ ಬರಲಿಲ್ಲ. ಅವರಿಗೆ ಬಿಪಿಯೂ ಇತ್ತು, ಶುಗರೂ ಇತ್ತು.

“ನನಗೆ ಊಟ ಸೇರ್ಲಿಲ್ಲ. ಆ ಹೆಣ್ಣುಮಗಳಿಗೆ ಏನಾದ್ರೂ ಆದ್ರೆ ನನ್ನ ಬಾಯಿಂದ್ಲೇ ಆದಂಗೆ ಅಲ್ವಾ?”

ಹಿರಿಯ ನರ್ಸನ್ನು ಕೇಳಿ ನಂಬರ್ ಪಡೆದರು. ಎರಡು ಸಾಲು ಬರೆಯಲು ಮೂರು ದಿನ ಹಿಡಿಯಿತು: ‘ಅವತ್ತು ಕೂಗಿದ್ದು ನನ್ನ ತಪ್ಪು ಮೇಡಂ. ಬನ್ನಿ, ಇನ್ಮೇಲೆ ಯಾರ ತೂಕಾನೂ ಕೂಗಲ್ಲ.’ ಅದನ್ನು ಕಳಿಸಿದ ಆರನೆಯ ದಿನ, ಆಸ್ಪತ್ರೆ ಬಾಗಿಲು ತೆರೆಯುವ ಮೊದಲೇ ಶಿಕ್ಷಕಿ ಬಂದು ನಿಂತಿದ್ದರು. “ಅಕ್ಕ, ಆಗಾಗ ಹೀಗೇ ಎರಡು ಮಾತು ಬರೀರಿ. ನನ್ನೊಬ್ಬಳ ಕೈಲಿ ಆಗ್ತಿಲ್ಲ.”

ಹಾಗೆ ಶುರುವಾದದ್ದು ಇಂದು ನೂರ ನಲವತ್ತಮೂರು ಜನಕ್ಕೆ ಮುಟ್ಟಿದೆ. ಎಲ್ಲರೂ ತಾವಾಗಿಯೇ ಕೇಳಿಕೊಂಡವರು. ಒಬ್ಬೊಬ್ಬರಿಗೆ ವಾರಕ್ಕೆರಡು ಮೆಸೇಜು, ದಿನಕ್ಕೆ ನಲವತ್ತರ ಆಸುಪಾಸು. ಔಷಧಿಯ ಮಾತು ಡಾಕ್ಟರಿಗೇ ಬಿಟ್ಟದ್ದು. ತೂಕದ ಅಂಕಿಯನ್ನಂತೂ ಬರೆಯುವುದೇ ಇಲ್ಲ. ಫೋನು ಮನೆಯವರ ಕೈಗೆ ಸಿಗುತ್ತದಲ್ಲ!

ಒಂದೇ ಮೆಸೇಜನ್ನು ಎಲ್ಲರಿಗೂ ಕಳಿಸುವುದನ್ನು ಡಾಕ್ಟರು ಒಮ್ಮೆ ಹೇಳಿಕೊಟ್ಟಿದ್ದರಂತೆ. “ಒಂದು ವಾರ ಮಾಡಿದೆ. ಒಬ್ರೂ ಉತ್ತರ ಕೊಡ್ಲಿಲ್ಲ. ದರ್ಜಿಯವರು ಬಂದವರೇ, ‘ಏನಕ್ಕ, ನನ್ನ ಮಂಡಿ ಮರೆತೇಬಿಟ್ರಾ?’ ಅಂದ್ರು. ಬಿಟ್ಟೆ.”

ಹಾಗಾದರೆ ನೆನಪಿಡುವುದು ಹೇಗೆ? ಇವರ ಬಗ್ಗೆ ಬರೆಯಲು ಬಂದ ನಾನು, ಪರೀಕ್ಷಿಸೋಣವೆಂದು ಅವರ ಫೋನಿನಲ್ಲಿ ಐದು ಹೆಸರು ತೋರಿಸುತ್ತೇನೆ. ಒಬ್ಬರಿಗೆ ರಾತ್ರಿ ಪಾಳಿ. ಒಬ್ಬರ ತಂಗಿ ಹೋದ ತಿಂಗಳು ತೀರಿಕೊಂಡಿದ್ದಾರೆ, “ಅವರಿಗೆ ಈಗ ನಡಿಗೆ ಮಾತಾಡಲ್ಲ, ಊಟ ಆಯ್ತಾ ಅಂತಷ್ಟೇ.” ಇನ್ನೊಬ್ಬರ ಹೆಂಡತಿ ಮುನಿಸಿಕೊಂಡರೆ ಅವರು ನೇರ ಬೇಕರಿಗೆ ಹೋಗುತ್ತಾರೆ. ಐದಕ್ಕೆ ಐದೂ ಸರಿ. ಡಾಕ್ಟರ ಕಡತದಲ್ಲೂ ಇಲ್ಲದ ಇಷ್ಟೆಲ್ಲ ಈ ತಲೆಯೊಳಗಿದೆ!

ಆ ಬಸ್ ಚಾಲಕರು ಎಂಟು ತಿಂಗಳು ಒಂದಕ್ಷರ ಉತ್ತರಿಸಿರಲಿಲ್ಲ. “ಗೋಡೆಗೆ ಬರೀತಿದ್ದೀಯಲ್ಲೇ” ಎಂದು ಯಜಮಾನರು ಛೇಡಿಸುತ್ತಿದ್ದರು. ಮೈಭಾರಕ್ಕೆ ಹಗಲಲ್ಲೂ ತೂಕಡಿಕೆ ಹೆಚ್ಚಾಗಿ, ಡಿಪೋದಲ್ಲಿ ಅವರಿಂದ ಸ್ಟೀರಿಂಗ್ ಬಿಡಿಸಿದ್ದರು. ಒಂಬತ್ತನೆಯ ತಿಂಗಳು ಬಂದು ಯಂತ್ರ ಹತ್ತಿದಾಗ ಹನ್ನೊಂದು ಕಿಲೋ ಇಳಿದಿತ್ತು. “ಇಳಿದ ಮೇಲೆ ಮುಖ ತೋರ್ಸೋಣ ಅಂತಿದ್ದೆ ಅಕ್ಕ. ಒಂದನ್ನೂ ಅಳಿಸಿಲ್ಲ ನೋಡಿ” ಎಂದು ಫೋನು ಮುಂದೆ ಹಿಡಿದರು. ಈಗ ಅವರು ಮತ್ತೆ ಬಸ್ ಓಡಿಸುತ್ತಿದ್ದಾರೆ.

ಬರುವ ವರ್ಷ ಅಕ್ಕನ ನಿವೃತ್ತಿ. ಆಸೆ ಏನೆಂದು ಕೇಳುತ್ತೇನೆ. ಸೆರಗಿನಿಂದ ಕನ್ನಡಕ ಒರೆಸಿಕೊಳ್ಳುತ್ತಾರೆ.

“ಈ ವರ್ಷ ಹತ್ತೊಂಬತ್ತು ಜನ ‘ಸಾಕಕ್ಕ, ಇನ್ನು ನಾವೇ ನೋಡ್ಕೋತೀವಿ’ ಅಂದ್ರು. ಮೊದಲನೇ ಸಲ ಕೇಳಿದಾಗ ಅಳು ಬಂದಿತ್ತು. ಈಗ ಆ ಮಾತಿಗೇ ಕಾಯ್ತೀನಿ. ನಾನು ಮನೆಗೆ ಹೋಗೋದ್ರೊಳಗೆ ಎಲ್ರೂ ನನ್ನನ್ನ ಬೇಡ ಅಂದುಬಿಡ್ಲಿ.”