ಹಳೇ ಜಿನ್ನಿನ ಹಿಂದಿನ ಗೋಡೆ

ನಮ್ಮ ಸಿಂದಗಿಯ ಗಂಡಸರು ಹಳೇ ಜಿನ್ನಿನ ಮಾತು ತೆಗೆದರೆ ನಾನು ಏನಾದರೊಂದು ನೆಪ ಹುಡುಕಿ ಒಳಗೆ ಎದ್ದುಹೋಗುತ್ತೇನೆ. ಒಲೆಯ ಮೇಲೆ ಹಾಲಿಟ್ಟಿದ್ದೇನೆ ಅನ್ನುತ್ತೇನೆ. ಹಾಲು ಇಟ್ಟಿರುವುದಿಲ್ಲ. ಅವರೆಲ್ಲ ಈಗ ಹೊಟ್ಟೆ ಬಂದವರು, ತಲೆಗೆ ಬಣ್ಣ ಹಚ್ಚುವವರು. ಲಗ್ನದಲ್ಲೋ ಶಾಂತಿಪೂಜೆಯಲ್ಲೋ ನಾಲ್ಕು ಜನ ಕೂಡಿದರೆ ಸಾಕು, "ಏನ ಗಾಳಿ ಬರ್ತಿತ್ತಲೇ ಆ ಗೋಡಿ ಮ್ಯಾಲ!" ಎಂದು ಶುರು ಮಾಡುತ್ತಾರೆ. ನನ್ನ ಅಣ್ಣನೂ ಆ ಗುಂಪಿನವನೇ.

ಜಿನ್ನು ಅಂದರೆ ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆ. ನನಗೆ ತಿಳಿವಳಿಕೆ ಬರುವ ಮೊದಲೇ ಅದು ಮುಚ್ಚಿತ್ತು. ಮುಂದೆ ಹತ್ತಿ ತುಂಬಿದ ಅಂಡಿಗೆ ತೂಗುತ್ತಿದ್ದ ಎತ್ತರದ ಕಲ್ಲಿನ ಕಟ್ಟೆ, ಮೇಲೆ ತುಕ್ಕು ಹಿಡಿದ ತಗಡು, ಹಿಂದೆ ಉದ್ದಾನುದ್ದ ಗೋಡೆ. ಗೋಡೆಯ ಆಚೆ ಜಾಲಿಕಂಟಿ ಬೆಳೆದ ಖಾಲಿ ಜಾಗ. ತೊಂಬತ್ತರ ದಶಕದಲ್ಲಿ ನಮ್ಮ ಓಣಿಯ ಹೆಣ್ಣುಮಕ್ಕಳು ತಂಬಿಗೆ ಹಿಡಿದು ಬಯಲಕಡೆ ಹೋಗುತ್ತಿದ್ದದ್ದು ಅಲ್ಲಿಗೆ.

ಇಷ್ಟು ಬರೆಯುವುದಕ್ಕೇ ನನಗೆ ಎಷ್ಟೋ ವರ್ಷ ಹಿಡಿಯಿತು. ಜಿನ್ನಿನ ಬಗ್ಗೆ ಬರೆಯಬೇಕೆಂದು ಕೂತಾಗಲೆಲ್ಲ ಅದರ ಕಟ್ಟೆ, ಅದರ ತಗಡಿನ ಮೇಲೆ ಕೂರುತ್ತಿದ್ದ ಪಾರಿವಾಳ ಎಂದೇನೇನೋ ಬರೆದು ಎದ್ದಿದ್ದೇನೆ.

ನಾವೇನು ಇಲ್ಲದವರಾಗಿರಲಿಲ್ಲ. ನಾಚಿಕೆ ಹೆಚ್ಚಾಗುವುದು ಅದಕ್ಕೇ. ಹೊಲ ಇತ್ತು, ಬಜಾರದಲ್ಲಿ ಅಪ್ಪನ ಕಾಳಿನ ಅಡತಿ ಅಂಗಡಿ ಇತ್ತು. ಮನೆ ಹಳೆಯ ವಾಡೆ. ಬಂಡಿ ಎತ್ತಿನ ಸಮೇತ ಒಳಗೆ ಬರುವಷ್ಟು ದೊಡ್ಡ ಬಾಗಿಲು, ಅಂಗಳದಲ್ಲಿ ಜೋಳ ತುಂಬುವ ಹಗೇವು, ಪಡಸಾಲೆಯಲ್ಲಿ ಕೆತ್ತನೆಯ ಕಂಬಗಳು. ಬಂದವರು ಕಂಬ ಸವರಿ ನೋಡಿ, "ಈಗಿನ ಮಂದಿಗಿ ಇಂಥಾ ಕೆಲಸ ಬರೂದಿಲ್ಲ ಬಿಡ್ರಿ" ಅನ್ನುತ್ತಿದ್ದರು. ಅಂಥ ಮನೆಯಲ್ಲಿ ಸಂಡಾಸ ಇರಲಿಲ್ಲ. ಮುತ್ಯಾ, ಅಂದರೆ ಅಪ್ಪನ ಅಪ್ಪ, ಕಟ್ಟಿಸಗೊಡಲಿಲ್ಲ. "ದೇವರ ಜಗಲಿ ಇದ್ದಲ್ಲಿ, ಉಣ್ಣೂ ಕಾಳ ಇದ್ದಲ್ಲಿ, ಹೊಲಸ ಇಟ್ಕೊಂಡು ಕುಂದ್ರೂದೇನು?" ಎನ್ನುತ್ತಿದ್ದ. ಮುತ್ಯಾ ತೀರಿಕೊಂಡ ಮೇಲೆ ಅಪ್ಪ ಆ ಮಾತನ್ನು ಹೊಲಮನೆಯ ಜೊತೆಗೇ ಪಾಲಿಗೆ ಬಂದದ್ದು ಎಂಬಂತೆ ಕಾಯ್ದುಕೊಂಡು ಬಂದ. ಗಂಡಸರಿಗೆ ಹೊಲವಿತ್ತು, ಹಳ್ಳವಿತ್ತು, ಯಾವ ಹೊತ್ತಾದರೂ ನಡೆಯುತ್ತಿತ್ತು. ನಮಗೆ ಬೆಳಕು ಹರಿಯುವ ಮುಂಚೆ ಒಂದಿಷ್ಟು ಹೊತ್ತು, ದೀಪ ಹಚ್ಚಿದ ಮೇಲೆ ಒಂದಿಷ್ಟು ಹೊತ್ತು.

ಜಿನ್ನಿನ ಹಿಂದಿನ ಆ ಜಾಗಕ್ಕೊಂದು ರೀತಿ ಇತ್ತು. ತಂಬಿಗೆಯನ್ನು ಸೆರಗಿನಲ್ಲಿ ಮರೆಮಾಡಿ ಹಿಡಿಯಬೇಕು. ದಾರಿಯಲ್ಲಿ ಎದುರಾದವರು ಎಲ್ಲಿಗೆ ಎಂದು ಕೇಳಬಾರದು. ಗಂಡಸು ಆ ಕಡೆ ಹಾಯಬೇಕಾದರೆ ದೂರದಿಂದಲೇ ಕೆಮ್ಮಬೇಕು, ನಾವು ಎದ್ದು ನಿಲ್ಲಬೇಕು, ಅವನು ನೆಲ ನೋಡುತ್ತ ದಾಟಿಹೋಗಬೇಕು. ಅಲ್ಲಿ ನಗೆಯೂ ಇತ್ತು ಎಂಬುದನ್ನು ಮುಚ್ಚಿಡಬಾರದು. ಅತ್ತೆಯ ಕಣ್ಣು ತಪ್ಪಿಸಿ ನಾಲ್ಕು ಮಾತಾಡಲು ಓಣಿಯ ಸೊಸೆಯಂದಿರಿಗೆ ಬೇರೆ ಜಾಗ ಇರಲಿಲ್ಲ. ಯಾರ ಮನೆಯಲ್ಲಿ ಜಗಳ, ಯಾರಿಗೆ ದಿನ ಹೋಗಿವೆ, ಎಲ್ಲ ಮೊದಲು ಗೊತ್ತಾಗುತ್ತಿದ್ದದ್ದು ಅಲ್ಲೇ. "ಲಗೂ ಏಳ ಬೇ, ನಿನ್ನ ಪುರಾಣ ಮುಗಿಯೂದ್ರಾಗ ಸೂರ್ಯಾ ನೆತ್ತಿ ಮ್ಯಾಲ ಬರ್ತಾನ" ಎಂದು ಒಬ್ಬಳು ಅಂದರೆ ಉಳಿದವರು ಬಾಯಿಗೆ ಸೆರಗು ಒತ್ತಿ ನಗುತ್ತಿದ್ದರು. ಗಂಡಸರಿಗೆ ಚಹಾದಂಗಡಿ ಇದ್ದ ಹಾಗೆ ನಮಗದು.

ಅಣ್ಣನ ಗುಂಪಿನ ಹುಡುಗರು ಮೊದಲು ಕೂರುತ್ತಿದ್ದದ್ದು ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನ ಕಟ್ಟಿಗೆಯ ಬಾಕಿನ ಮೇಲೆ. ಒಂದು ಚಹಾ ಇಬ್ಬರು ಹಂಚಿಕೊಂಡು ಸಂಜೆಯೆಲ್ಲ ಕೂರುವವರನ್ನು ನೋಡಿ ಹೋಟೆಲಿನವನು ಬಾಕೇ ತೆಗೆದುಬಿಟ್ಟ. ವಾಚನಾಲಯದ ಮೆಟ್ಟಿಲ ಮೇಲೆ ಕೂತರೆ ಅಪ್ಪಂದಿರ ಕಣ್ಣಿಗೆ ಬೀಳುತ್ತಿದ್ದರು. ಹಾಗಾಗಿ ಅವರು ಜಿನ್ನಿನ ಕಟ್ಟೆಗೆ ಬಂದರು. ಮುಂದಿನ ಬಯಲಿನಲ್ಲಿ ಕ್ರಿಕೆಟ್, ಆಮೇಲೆ ಕಟ್ಟೆಯ ಮೇಲೆ ಟೇಪ್‌ರೆಕಾರ್ಡರ್, ಗುಟ್ಕಾ, ಹರಟೆ. ಮುಂದೆ ಕೂತಷ್ಟು ದಿನ ನಮಗೇನೂ ತೊಂದರೆ ಇರಲಿಲ್ಲ. ಒಂದು ಬೇಸಿಗೆಯಲ್ಲಿ ಅವರಿಗೆ ಹಿಂದಿನ ಗೋಡೆಯ ಮೇಲೆ ಗಾಳಿ ಚೆನ್ನಾಗಿ ಬೀಸುತ್ತದೆ ಎಂಬುದು ಗೊತ್ತಾಯಿತು. ಸಂಜೆಯಾದರೆ ಗೋಡೆಯ ಮೇಲೆ ಸಾಲಾಗಿ, ಕಾಲು ಇಳಿಬಿಟ್ಟು.

ನಾವು ಸಂಜೆ ಹೋಗುವುದನ್ನು ಬಿಟ್ಟೆವು. ಅವ್ವ ಮಧ್ಯಾಹ್ನದ ಊಟವಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಳು. ಬಿಸಿಲುಕಾಲದಲ್ಲಿ ನಾಲಿಗೆ ಒಣಗಿ ಮಾತು ತೊದಲುತ್ತಿತ್ತು. ನಾನೊಮ್ಮೆ ಕೇಳಿದೆ:

"ಅಣ್ಣಗ ಹೇಳಬಾರದೇನ ಬೇ? ಅಂವಾ ಹೇಳಿದ್ರ ಅವರೆಲ್ಲಾ ಇಳೀತಾರ."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಏನಂತ ಹೇಳ್ಲಿ? ಹರೇದ ಮಗಗ ಇಂಥಾ ಮಾತ ಹೇಳಾಕ ಬರ್ತದೇನ? ಹುಚ್ಚಿ."

ಅಣ್ಣನಿಗೆ ಹೇಳಲು ನನಗೂ ಬಾಯಿ ಬರಲಿಲ್ಲ. ಒಂದೇ ತಾಟಿನಲ್ಲಿ ಉಂಡು ಬೆಳೆದವರು ನಾವು. ಆದರೂ ಆ ಮಾತಿಗೆ ನಮ್ಮಿಬ್ಬರ ನಡುವೆ ದಾರಿ ಇರಲಿಲ್ಲ. ಅಕ್ಕತಂಗಿಯರು, ಅವ್ವಂದಿರು ಬೆಳಗಾಗುವ ಮುಂಚೆ ಎಲ್ಲಿಗೆ ಹೋಗಿ ಬರುತ್ತಾರೆ ಎಂದು ಆ ಹುಡುಗರು ಯಾರೂ ಯೋಚಿಸಿರಲಿಕ್ಕಿಲ್ಲ. ಗೊತ್ತಿದ್ದೂ ಗೊತ್ತಿಲ್ಲದಂತೆ ಇರುವುದನ್ನೇ ಮನೆಮನೆಯಲ್ಲೂ ಅವರಿಗೆ ಕಲಿಸಿದ್ದರು.

ಆ ವರ್ಷ ಮುದ್ದೇಬಿಹಾಳದಿಂದ ನನ್ನನ್ನು ನೋಡಲು ಬಂದರು. ಹುಡುಗ ಹೈಸ್ಕೂಲ್ ಮಾಸ್ತರ. ಕುಂಡಲಿ ಮೊದಲೇ ಕೂಡಿತ್ತು, ಮಾತುಕತೆಯೂ ಅರ್ಧ ಮುಗಿದಿತ್ತು. ಹೆಣ್ಣು ನೋಡುವ ಶಾಸ್ತ್ರ ಒಂದೇ ಬಾಕಿ. ಅಪ್ಪ ಹಿಂದಿನ ದಿನವೇ ಕಂಬಗಳಿಗೆ ಎಣ್ಣೆ ಹಚ್ಚಿಸಿದ್ದ. ಬೆಳಿಗ್ಗೆ ಬರಬೇಕಾದವರ ಬಸ್ಸು ಬಸವನ ಬಾಗೇವಾಡಿಯಲ್ಲಿ ಕೆಟ್ಟು ನಿಂತು, ಬೇರೆ ಬಸ್ಸು ಹಿಡಿದು ಬರುವುದರಲ್ಲಿ ಇಳಿಹೊತ್ತಾಗಿತ್ತು. ಹುಡುಗ, ಅವನ ತಂದೆ, ತಾಯಿ. ತಾಯಿ ತೆಳ್ಳಗಿನ ಹೆಂಗಸು, ಹಣೆಯ ಮೇಲೆ ದೊಡ್ಡ ಕುಂಕುಮ, ಮೆಲುಮಾತು.

ಚುರುಮುರಿ ಸುಸಲಾ ಕೊಟ್ಟೆ, ಶೇಂಗಾ ಹೋಳಿಗೆ ಕೊಟ್ಟೆ. ಆಕೆ ಒಂದು ತುತ್ತು ಬಾಯಿಗಿಟ್ಟು ತಾಟು ಸರಿಸಿದರು. ಚಹಾ ಮುಟ್ಟಲಿಲ್ಲ. "ತುಗೋರಿ" ಎಂದು ಅವ್ವ ಒತ್ತಾಯ ಮಾಡಿದಷ್ಟೂ ಆಕೆಯ ಮುಖ ಬಿಗಿಯಾಗುತ್ತಿತ್ತು. ಹುಡುಗಿ ಮನಸ್ಸಿಗೆ ಬರಲಿಲ್ಲವೇನೋ ಎಂದುಕೊಂಡೆ. ಆಮೇಲೆ ಆಕೆ ಎದ್ದು ಅಡುಗೆಮನೆಗೆ ಬಂದು ಅವ್ವನ ಕಿವಿಯಲ್ಲಿ ಕೇಳಿದರು.

"ಅಕ್ಕಾರ, ಮುಂಜಾನಿಂದ ಬಸ್ಸಿನ್ಯಾಗ ಕುಂತೀವಿ. ಸಂಡಾಸ ಎಲ್ಲಿ ಐತ್ರಿ?"

ಅವ್ವ ಕೈಯಲ್ಲಿದ್ದ ಸೌಟು ಇಟ್ಟಳು, ಮತ್ತೆ ಎತ್ತಿಕೊಂಡಳು. "ಇಲ್ರಿ ಅಕ್ಕಾ... ಮನ್ಯಾಗ ಇಲ್ರಿ. ಸ್ವಲ್ಪ ಹೊರಗ ಹೋಗ್ಬೇಕ್ರಿ" ಅಂದಳು. ಅವ್ವನ ಆ ದನಿ ನಾನು ಅದಕ್ಕೂ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಆಕೆ ಸೆರಗು ಸರಿಮಾಡಿಕೊಂಡರು. ಆಮೇಲೆ ನಕ್ಕು, "ಆತು ಬಿಡ್ರಿ. ತಂಗೀನ ಕಳಸ್ರಿ ನನ್ನ ಜೋಡಿ. ಹೋಗ್ತಾ ಬರ್ತಾ ನಾಕ ಮಾತ ಆಡ್ತೇವಿ" ಅಂದರು. ನನಗೆ ಮುಜುಗರ ಆಗಬಾರದೆಂದೇ ಹಾಗೆ ಅಂದದ್ದು.

ಇನ್ನೂ ಬಿಸಿಲಿತ್ತು. ನಾನು ರೇಷ್ಮೆ ಸೀರೆ ಉಟ್ಟಿದ್ದೆ, ತಲೆತುಂಬ ಮಲ್ಲಿಗೆ ಮುಡಿದಿದ್ದೆ, ಕೈಯಲ್ಲಿ ಹಿತ್ತಾಳೆಯ ತಂಬಿಗೆ. ಹೊಸ ಸೀರೆಯ ಗರಿಗರಿ ಸೆರಗು ಎಷ್ಟು ಎಳೆದರೂ ತಂಬಿಗೆಯನ್ನು ಮುಚ್ಚಲೊಲ್ಲದು. ಓಣಿಯ ಕಟ್ಟೆಗಳ ಮೇಲೆ ಕೂತಿದ್ದ ಮುದುಕರು ನಮ್ಮನ್ನು ಕಂಡು ಆ ಕಡೆ ಮುಖ ಮಾಡಿದರು. ಅದು ಮರ್ಯಾದೆ. ಆದರೆ ಒಬ್ಬೊಬ್ಬರೂ ಮುಖ ತಿರುಗಿಸಿದಾಗ ನನ್ನ ಮೈಮೇಲಿನ ಒಂದೊಂದು ಬಟ್ಟೆ ಜಾರಿದ ಹಾಗಾಗುತ್ತಿತ್ತು.

ದಾರಿಯಲ್ಲಿ ಆಕೆ ಅಂದರು: "ನಮ್ಮ ಹಿತ್ತಲದಾಗ ಐತವಾ. ಮೊದಲ ನಮ್ಮಲ್ಲೂ ಇರ್ಲಿಲ್ಲ. ನಮ್ಮತ್ತಿ ಉಪಾಸ ಕುಂತು ಮಾಡಿಸಿದ್ರು. ಮಾವನ್ನ ಬಗ್ಗಿಸಬೇಕಂದ್ರ ಆಕೀನ ಆಗಬೇಕು." ಸಮಾಧಾನಕ್ಕೆ ಹೇಳಿದ ಮಾತು. ನಮ್ಮ ಮನೆಯಲ್ಲಿ ಹಾಗೆ ಉಪವಾಸ ಕೂರುವವರು ಯಾರೂ ಹುಟ್ಟಲಿಲ್ಲವಲ್ಲ ಎಂದು ನನಗೆ ಅನ್ನಿಸಿತು.

ಜಿನ್ನಿನ ಮೂಲೆ ತಿರುಗಿದರೆ ಗೋಡೆಯ ಮೇಲೆ ಹುಡುಗರು. ಅಷ್ಟು ಬೇಗ ಬಂದಿರುವುದಿಲ್ಲ ಅಂದುಕೊಂಡಿದ್ದೆ. ರವಿವಾರ ಎಂಬುದು ನೆನಪಿರಲಿಲ್ಲ. ಬಿಸಿಲು ನಮ್ಮ ಬೆನ್ನಿಗಿತ್ತು, ಅವರ ಕಣ್ಣಿಗೆ ಹೊಡೆಯುತ್ತಿತ್ತು. ನಮ್ಮ ಮುಖ ಅವರಿಗೆ ಕಾಣಲಿಲ್ಲ, ಸೀರೆ ಮಾತ್ರ ಕಂಡಿತು.

"ಏ, ಹಬ್ಬ ಐತೇನಲೇ ಇವತ್ತ?" ಎಂದಿತು ಒಂದು ದನಿ. "ರೇಶ್ಮಿ ಸೀರಿ ಉಟ್ಕೊಂಡ ತಂಬಗಿ ಮೆರವಣಿಗಿ ಹೊಂಟೈತಿ ನೋಡ್ರಿ!"

ಎಲ್ಲರೂ ನಕ್ಕರು. ಆ ನಗೆಯೊಳಗೆ ಒಂದು ನಗೆ ನನಗೆ ಗೊತ್ತಿತ್ತು. ಕೊನೆಗೆ ಉಸಿರು ಒಳಕ್ಕೆ ಎಳೆದುಕೊಂಡು ಗೊರ್ ಅನ್ನುವ ನಗೆ. ಸಣ್ಣವಳಿದ್ದಾಗ ಆ ನಗೆ ಕೇಳಲೆಂದೇ ನಾನು ಅಣ್ಣನಿಗೆ ಕಚಗುಳಿ ಇಡುತ್ತಿದ್ದೆ. ಬೀಗರಿಗೆ ಎಲೆ ಅಡಿಕೆ ತಾ ಎಂದು ಅಪ್ಪ ಅವನನ್ನು ಅವರು ಬರುವ ಮೊದಲೇ ಕಳಿಸಿದ್ದ.

ನಾನು ನಿಂತುಬಿಟ್ಟೆ. ಅಣ್ಣ ಹಣೆಗೆ ಕೈ ಅಡ್ಡ ಹಿಡಿದು ನೋಡಿದ. ನಗೆ ನಡುವೆಯೇ ನಿಂತಿತು. ಮರುಗಳಿಗೆ ಗೋಡೆಯಿಂದ ಜಿನ್ನಿನ ಕಡೆಗೆ ಧುಮುಕಿದ. "ಇಳೀರಲೇ! ಇಳೀರಿ ಅಂದ್ನಿ!" ಎಂದು ಚೀರುವುದು ಕೇಳಿಸಿತು. "ಯಾಕಲೇ, ಏನಾತು?" ಎಂದು ಯಾರೋ ಕೇಳಿದರು. ಅದಕ್ಕೆ ಅವನು ಏನು ಹೇಳಿದನೋ. ಗೋಡೆ ಖಾಲಿಯಾಯಿತು.

"ಯಾರವಾ ಅಂವ?" ಎಂದರು ಆಕೆ. ನಾನು ಜಾಲಿಕಂಟಿ ನೋಡುತ್ತ ನಿಂತೆ. ಆಕೆ ಮತ್ತೆ ಕೇಳಲಿಲ್ಲ.

ತಿರುಗಿ ಮನೆಗೆ ಬಂದು ಕೈಕಾಲು ತೊಳೆದು ಆಕೆ ಪಡಸಾಲೆಯಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಅಣ್ಣ ಎಲೆಯ ಪುಡಿಕೆ ಹಿಡಿದು ಒಳಗೆ ಬಂದ. "ಇಂವಾ ನಮ್ಮ ಮಗಾರಿ" ಎಂದ ಅಪ್ಪ ಹೆಮ್ಮೆಯಿಂದ. ಅಣ್ಣ ಬಗ್ಗಿ ಆಕೆಯ ಕಾಲು ಮುಟ್ಟಿದ, ಏಳುವುದನ್ನು ಮರೆತವನ ಹಾಗೆ ಬಗ್ಗಿಯೇ ಇದ್ದ. ಆಕೆ ಅವನನ್ನು ನೋಡಿದರು, ನನ್ನನ್ನು ನೋಡಿದರು.

"ಎಲಿ ತರಾಕ ಭಾಳ ದೂರ ಹೋಗಿದ್ದೇನಪಾ?" ಅಂದರು.

"ಅಂವಾ ಹಂಗರೀ!" ಎಂದು ಅಪ್ಪ ದೊಡ್ಡದಾಗಿ ನಕ್ಕ. "ಓಣ್ಯಾಗ ಅಂಗಡಿ ಇದ್ರೂ ಬಸ್‌ಸ್ಟ್ಯಾಂಡ ತನಕಾ ಹೋಗ್ತಾನ. ನಮ್ಮನಿ ಎಲಿ ತಾಜಾ ಇರ್ಬೇಕ್ರಿ!" ಪಡಸಾಲೆಯಲ್ಲಿ ನಗುತ್ತಿದ್ದವನು ಅವನೊಬ್ಬನೇ.

ವಾರ ಕಳೆದ ಮೇಲೆ ಮುದ್ದೇಬಿಹಾಳದಿಂದ ಹೇಳಿ ಕಳಿಸಿದರು, ಕುಂಡಲಿ ಕೂಡಲಿಲ್ಲ ಎಂದು. ಕೂಡಿದ್ದ ಕುಂಡಲಿ ಮತ್ತೆ ಹೇಗೆ ಬಿಟ್ಟಿತು ಎಂದು ಅಪ್ಪ ಜ್ಯೋತಿಷಿಯನ್ನು ಬಾಯಿಗೆ ಬಂದ ಹಾಗೆ ಬೈದ. ಅವ್ವ ಅಕ್ಕಿ ಆರಿಸುತ್ತಿದ್ದಳು, ಮೊರ ಬಿಟ್ಟು ಏಳಲಿಲ್ಲ. ನಾನು ಅವಳ ಪಕ್ಕದಲ್ಲಿ ಕೂತು ಆರಿಸಿದ ಅಕ್ಕಿಯನ್ನೇ ಮತ್ತೆ ಆರಿಸಿದೆ. ಮನೆಯಲ್ಲಿ ಸಂಡಾಸ ಇಲ್ಲದ್ದು ಕಾರಣವೋ, ಗೋಡೆಯ ಮೇಲಿನ ಮಾತು ಕಾರಣವೋ, ಅಣ್ಣ ಕಾರಣವೋ, ಅಥವಾ ನಿಜಕ್ಕೂ ನಾನೇ ಹುಡುಗನ ಮನಸ್ಸಿಗೆ ಬರಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಣ್ಣ ಮಾತ್ರ ತಪ್ಪೆಲ್ಲ ತನ್ನದೇ ಎಂದು ಹೊತ್ತುಕೊಂಡ.

ಮರುದಿನ ಬೆಳಿಗ್ಗೆ ಅವನು ಹಿತ್ತಲಿನ ಬೇವಿನ ಗಿಡದ ಆಚೆ ಗುದ್ದಲಿ ಹಿಡಿದು ನಿಂತಿದ್ದ.

"ಏನ ಮಾಡಾಕತ್ತೀಲೇ?" ಎಂದ ಅಪ್ಪ.

"ತೆಗ್ಗ ತೋಡಾಕತ್ತೇನಿ."

"ಯಾಕ?"

ಅಣ್ಣ ಅಂಗಿ ಬಿಚ್ಚಿ ಗಿಡಕ್ಕೆ ನೇತುಹಾಕಿ ಅಗೆಯತೊಡಗಿದ. ಅಪ್ಪ ಅವನನ್ನೇ ನೋಡಿದ, ಬಾಗಿಲಲ್ಲಿ ನಿಂತಿದ್ದ ಅವ್ವನನ್ನು ನೋಡಿದ, ನನ್ನನ್ನು ನೋಡಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಅಂಗಡಿಗೆ ಹೋದ. ನಮ್ಮ ಮನೆಯಲ್ಲಿ ಮುತ್ಯಾನ ಮಾತು ಮುರಿದದ್ದು ಹೀಗೆ. ಆ ದಿನ ಅವ್ವ ದೇವರ ಜಗಲಿಗೆ ದೀಪ ಹಚ್ಚಿ ಹಿತ್ತಲಿಗೆ ಬಂದು, ಮಣ್ಣು ಮೆತ್ತಿದ ಮಗನಿಗೆ ಮಜ್ಜಿಗೆ ಕೊಟ್ಟಳು. ಚೊಂಬಿನಲ್ಲಿ ಉಳಿದದ್ದನ್ನು ತಾನೇ ಕುಡಿದಳು, ಮಧ್ಯಾಹ್ನ ದಾಟಿದ ಹೊತ್ತಿನಲ್ಲಿ.

ಮುಂದೆ ನನ್ನನ್ನು ಇಂಡಿ ಊರಿಗೆ ಕೊಟ್ಟರು. ಆ ಸಂಬಂಧ ಬಂದಾಗ ಹುಡುಗನ ಕೆಲಸ ಕೇಳುವುದಕ್ಕೂ ಮೊದಲು ಅವ್ವ ಮಧ್ಯಸ್ಥಿಕೆಯವನನ್ನು ಅಡುಗೆಮನೆ ಬಾಗಿಲಿಗೆ ಕರೆದು ಪಿಸುದನಿಯಲ್ಲಿ ಕೇಳಿದ್ದು ಒಂದೇ ಮಾತು. ಅವನು "ಐತ್ರಿ ಯವ್ವಾ, ಐತಿ" ಎಂದು ತಲೆ ತಗ್ಗಿಸಿದ. ಎರಡು ಸಾವಿರದ ಇಸವಿ ದಾಟಿದ ಮೇಲೆ ಜಿನ್ನನ್ನು ಕೆಡವಿ ಅಲ್ಲಿ ಅಂಗಡಿ ಮಳಿಗೆ ಕಟ್ಟಿದರು. ಗಂಡಸರೆಲ್ಲ ನೋಡಲು ಹೋಗಿದ್ದರಂತೆ. ಕೆಲವರು ಕಣ್ಣೀರು ಹಾಕಿದರಂತೆ.

ಮೊನ್ನೆ ಅಣ್ಣನ ಮನೆಯಲ್ಲಿ ನಡೆದ ಒಂದು ಶಾಂತಿಪೂಜೆಯಲ್ಲಿ ಗೆಳೆಯರು ಮತ್ತೆ ಕೂಡಿದ್ದರು. "ಹಿಂದಿನ ಗೋಡಿ ನೆನಪೈತೇನಲೇ?" ಎಂದ ಒಬ್ಬ. ಅದು ಆವತ್ತಿನ ಅದೇ ದನಿ. ಆ ಮೆರವಣಿಗೆಯಲ್ಲಿ ಇದ್ದವಳು ಈಗ ಚಹಾದ ತಟ್ಟೆ ಹಿಡಿದು ಮುಂದೆ ನಿಂತಿದ್ದಾಳೆ ಎಂಬುದು ಅವನಿಗೆ ಗೊತ್ತಿಲ್ಲ. ಅಣ್ಣ ಅವನಿಗೂ ಹೇಳಿಲ್ಲ ಎಂದಾಯಿತು.

"ಚಹಾ ಆರಾಕತ್ತೈತಿ. ಮೊದಲ ಕುಡೀರಿ" ಎಂದ ಅಣ್ಣ. ನಾನು ಹಾಲಿನ ನೆಪ ಹೇಳಿ ಒಳಗೆ ಬಂದೆ.

ನಾನು ಇಂಡಿಯಿಂದ ಬಸ್ಸಿಳಿದು ಅವನ ಮನೆಗೆ ಬಂದಾಗಲೆಲ್ಲ ಒಂದು ನಡೆಯುತ್ತದೆ. ನನ್ನ ಚೀಲ ಕೆಳಗಿಡುವ ಮೊದಲೇ, ನೀರು ಬೇಕೇ ಎಂದು ಅವನ ಹೆಂಡತಿ ವೈನಿ ಕೇಳುವ ಮೊದಲೇ, ಅಣ್ಣ ಹಿತ್ತಲಿನ ಸಂಡಾಸದ ಕಡೆ ಹೋಗುತ್ತಾನೆ. ಬಕೆಟ್ಟಿಗೆ ನೀರು ಬೀಳುವ ಸದ್ದು ಕೇಳುತ್ತದೆ. ಈಗ ಅಲ್ಲಿ ನಳ ಇದೆ, ಮೇಲೆ ಟಾಕಿ ಇದೆ, ನೀರು ತುಂಬಿಡುವ ಅಗತ್ಯವೇ ಇಲ್ಲ. ಅವನು ತುಂಬಿಟ್ಟು, ದೀಪ ಹಾಕಿ, ನನ್ನ ಕಡೆ ನೋಡದೆ, ಒಮ್ಮೆ ಕೆಮ್ಮಿ ಹೊರಗೆ ಹೋಗುತ್ತಾನೆ. ನಾನೂ ಅವನ ಕಡೆ ನೋಡುವುದಿಲ್ಲ.